ಆರನೇ ಮಾಳಿಗೆ

ಹೋದ ವಾರ ನಮ್ಮ ಆಫೀಸಿಗೆ ಸುಣ್ಣ ಹೊಡೆಸಿದರು. ಆಫೀಸು ಅಂದರೆ ಕೊಪ್ಪಳದ ಒಂದು ಓಣಿಯಲ್ಲಿ ಬೀಜ-ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ, ಹನ್ನೊಂದು ಕಂಪ್ಯೂಟರು, ಒಂದೇ ಕಿಟಕಿ. ಊರೆಲ್ಲ ಡಬ್ಬಿಯ ಬಣ್ಣ ಬಳಿಯುವ ಕಾಲದಲ್ಲಿ ನಮ್ಮ ಕಟ್ಟಡದ ಮಾಲೀಕರು ಇನ್ನೂ ಸುಣ್ಣವನ್ನೇ ನಂಬಿಕೊಂಡವರು. ಬಕೆಟ್ಟಿನ ನೀರಿಗೆ ಸುಣ್ಣದ ಕಲ್ಲು ಬಿದ್ದು ಬುಸುಗುಟ್ಟಿತು, ಹಬೆ ಎದ್ದಿತು. ಆ ಬಿಸಿ ಹಸಿ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಮಾಡುತ್ತಿದ್ದ ತಮಾಷೆ ಅರ್ಧಕ್ಕೇ ನಿಂತಿತು. ಟೇಬಲ್ಲು ಸರಿಸುವಾಗ ನನ್ನ ಡ್ರಾಯರು ಕಳಚಿ ಬಿತ್ತು. ಒಣಗಿದ ಪೆನ್ನು, ಹಳೆಯ ಬಸ್ ಪಾಸು, ಅವುಗಳ ಅಡಿಯಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ. ಅದನ್ನು ಬಿಡಿಸಿ ನೋಡುವ ಅಗತ್ಯವಿರಲಿಲ್ಲ. ಒಳಗೆ ಆರು ಚೌಕಗಳಿವೆ, ಪ್ರತಿ ಚೌಕದ ನಡುವೆ ಒಂದೊಂದು ಚುಕ್ಕಿ...

ಅದನ್ನು ಬರೆದುಕೊಟ್ಟವರು ಚಾಚಾ.

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಇಡೀ ದೇಶದ ಕಟ್ಟಡಗಳದ್ದೊಂದು ಡಿಜಿಟಲ್ ನಕ್ಷೆ ಇದೆ. ಅದರಲ್ಲಿ ಪ್ರತಿಯೊಂದು ಸೂರಿಗೂ ಒಂದು ಗೆರೆಯ ಚೌಕಟ್ಟು. ಆಕಾಶದಿಂದ ಹೊಸ ಚಿತ್ರ ಬಂದಾಗಲೆಲ್ಲ ಹಳೆಯ ಗೆರೆಗಳನ್ನು ಅದರ ಮೇಲಿಟ್ಟು ನೋಡಬೇಕು. ಸೂರು ಇದ್ದರೆ ಉಳಿಸು, ಬೆಳೆದಿದ್ದರೆ ಹೊಸದಾಗಿ ಬರೆ, ಕಾಣದಿದ್ದರೆ ಅಳಿಸು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲ್ಲೂಕು ನಮ್ಮ ಪಾಲಿಗೆ. ಗಂಗಾವತಿಯ ಅಕ್ಕಿ ಗಿರಣಿಗಳು ನೀಲಿ ತಗಡಿನವು, ಕುರುಡನೂ ಗುರುತಿಸಿಯಾನು. ಮುನಿರಾಬಾದಿನ ಕಾಲೊನಿ ಮನೆಗಳು ಡ್ರಿಲ್ಲಿಗೆ ನಿಂತ ಪೊಲೀಸರ ಹಾಗೆ ಸಾಲಾಗಿವೆ. ಕಷ್ಟ ಕೊಡುತ್ತಿದ್ದದ್ದು ಮಣ್ಣಿನ ಮಾಳಿಗೆಗಳು, ತೊಲೆಯ ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಸೂರಿನವು. ನೆಲದ ಮಣ್ಣೇ ಮಾಳಿಗೆಯ ಮೇಲೂ ಇರುವಾಗ ಮೇಲಿನಿಂದ ನೋಡುವವನಿಗೆ ಮನೆ ಯಾವುದು, ಬಯಲು ಯಾವುದು?

ಅನುಮಾನ ಬಂದ ಗೆರೆಗೆ ಹಳದಿ ಬಣ್ಣ ಹಚ್ಚುತ್ತಿದ್ದೆವು. ಹಳದಿ ಎಂದರೆ ಚಾಚಾನ ಕೆಲಸ. ಅವರು ಹಿಂದೆ ಸರ್ವೆಯವರ ಜೊತೆ ಜಮೀನು ಅಳೆಯುವ ಸರಪಳಿ ಎಳೆದವರು. ವಯಸ್ಸಾದ ಮೇಲೆ, ಯಾವ ಊರಿನ ಯಾವ ಓಣಿ ಎಲ್ಲಿ ತಿರುಗುತ್ತದೆ ಎಂದು ಬಲ್ಲವರೆಂದು ನಮ್ಮಲ್ಲಿ ಇಟ್ಟುಕೊಂಡಿದ್ದರು. ತಲೆಗೆ ಯಾವಾಗಲೂ ಕೆಂಪು ಬಟ್ಟೆ. ಸರಪಳಿಯ ತುದಿಗೆ ನೆಡುತ್ತಿದ್ದ ನಿಶಾನೆಯ ಬಟ್ಟೆಯದು, ಕೆಲಸ ಬಿಟ್ಟರೂ ಅದನ್ನು ಬಿಟ್ಟಿರಲಿಲ್ಲ. ನಡೆಯುವಾಗ ಹೆಜ್ಜೆ ಎಣಿಸುವರು. ನಮ್ಮ ಮೆಟ್ಟಿಲಿನಿಂದ ಚಹಾದ ಅಂಗಡಿಗೆ ನೂರಾ ಹನ್ನೆರಡು ಹೆಜ್ಜೆ ಎಂದು ನನಗೆ ಗೊತ್ತಿರುವುದು ಅವರಿಂದ.

ಮಣ್ಣಿನ ಮಾಳಿಗೆಯನ್ನು ಗುರುತಿಸಲು ಕಲಿಸಿದವರೂ ಅವರೇ. "ಮಣ್ಣ ನೋಡಬ್ಯಾಡ ಬೇಟಾ, ಚುಕ್ಕಿ ನೋಡು," ಎನ್ನುತ್ತಿದ್ದರು. ನಮ್ಮ ಕಡೆಯ ಮಾಳಿಗೆಗಳಲ್ಲಿ ಬೆಳಕು ಬರಲೆಂದು, ಹೊಗೆ ಹೋಗಲೆಂದು ಒಂದು ಬೆಳಕಿಂಡಿ ಬಿಟ್ಟಿರುತ್ತಾರಲ್ಲ, ಮೇಲಿನಿಂದ ಅದು ಸಾಸಿವೆಯಷ್ಟು ಕಪ್ಪಗೆ ಕಾಣುತ್ತದೆ. "ಚುಕ್ಕಿ ಐತಿ ಅಂದ್ರ ಕೆಳಗ ಒಲಿ ಐತಿ. ಒಲಿ ಐತಿ ಅಂದ್ರ ಮಂದಿ ಅದಾರ."

ನಾನು ಆಫೀಸಿನ ಅಣಕು ಕಲಾವಿದ. ಮಾಲೀಕರ ಕೆಮ್ಮು, ಕಂಡಕ್ಟರನ ಸೀಟಿ, ಜಾತಕ ಹೇಳುವವನ ಮೂಗಿನ ಮಾತು, ಯಾವುದನ್ನೂ ಬಿಟ್ಟವನಲ್ಲ. ಹೆಣ್ಣು ನೋಡಲು ಹೋದಾಗ ಬೀಗರಾಗಬೇಕಿದ್ದವರ ಮುಂದೆಯೇ ಅವರ ಸೋದರಮಾವನ ಧ್ವನಿ ತೆಗೆದು ಸಂಬಂಧ ಕಳೆದುಕೊಂಡ ಜಾಣ. "ನಿನ್ನ ದನಿ ಯಾವದೋ ಮೂಳಾ? ಅದನ್ನೊಮ್ಮೆರ ಕೇಳಸು," ಎಂದು ಅವ್ವ ಬೈಯುತ್ತಿದ್ದಳು. ಆದರೆ ನನ್ನ ಖಾಸಾ ಐಟಂ ಚಾಚಾ. ಮರಳು ಅಗಿದಂಥ ಆ ಧ್ವನಿ, ಎರಡು ಸಲ ಗಂಟಲು ಕೆರೆದು "ಬರ್ಕೊಳ್ರಿ ಮೇಡಮ್ಮಾರ" ಎಂದು ಶುರು ಮಾಡುವುದು... ಅವರ ಮುಂದೆಯೇ ಮಾಡಿ ತೋರಿಸುತ್ತಿದ್ದೆ. ಅವರು ಹೊಟ್ಟೆ ಹಿಡಿದು ನಕ್ಕು ತಿದ್ದುತ್ತಿದ್ದರು: "ಇನ್ನ ಸ್ವಲ್ಪ ಕೆಳಗಿಂದ ತಗಿ. ಇಷ್ಟ ಹುಡುಗಾಟಕಿ ಇಲ್ಲಪಾ ನನ್ನ ದನ್ಯಾಗ."

ಗಂಟಲು ಕೆರೆಯುವುದನ್ನೂ ಅವರೇ ಕಲಿಸಿದರು.

ಚಾಚಾಗೆ ಕಂಪ್ಯೂಟರು ಬಾರದು. ಹೀಗಾಗಿ ಅವರ ವರದಿಯೆಲ್ಲ ಫೋನಿನಲ್ಲಿ. ನಾಲ್ಕೂ ತಾಲ್ಲೂಕಿನ ಪಟ್ಟಿ ನೋಡುತ್ತಿದ್ದ ಮೇಡಮ್ಮು ಗಂಗಾವತಿಯಲ್ಲಿ ಕೂತು ಸಂಜೆ ಫೋನು ಹಚ್ಚುತ್ತಿದ್ದರು. ಒಂದೊಂದೇ ನಂಬರು ಕೇಳುವರು, ಚಾಚಾ "ಐತಿ" ಅಥವಾ "ಇಲ್ಲ" ಎನ್ನುವರು, ಮೇಡಮ್ಮು ಗುರುತು ಹಾಕಿಕೊಳ್ಳುವರು. ಆ ಎರಡು ಮಾತಿನ ಮೇಲೆ ದೇಶದ ನಕ್ಷೆಯಲ್ಲಿ ಮನೆ ಇರುತ್ತಿತ್ತು, ಅಥವಾ ಇರುತ್ತಿರಲಿಲ್ಲ.

ಆ ದಿನ ಕೆಲಸ ಒಪ್ಪಿಸುವ ಕೊನೆಯ ದಿನ. ಕುಷ್ಟಗಿ ಕಡೆಯ ಒಂದು ಗುಡ್ಡದ ಬುಡದಲ್ಲಿ ಆರು ಹಳೆಯ ಗೆರೆಗಳು ಹಳದಿಯಾಗಿಯೇ ಉಳಿದಿದ್ದವು. ಚಿತ್ರದಲ್ಲಿ ಅಲ್ಲಿ ಬೆಳ್ಳನೆಯ ಮಣ್ಣು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಚಾಚಾ ಮರುದಿನ ಹೋಗುತ್ತೇನೆಂದಿದ್ದರು. ಅವತ್ತು ಅವರ ಕಣ್ಣಿನ ತಪಾಸಣೆ, ಆಸ್ಪತ್ರೆಗೆ ಹೋಗಿದ್ದರು. ಫೋನು ಮಾತ್ರ ನನ್ನ ಟೇಬಲ್ಲಿನ ಮೇಲೆ ಚಾರ್ಜಿಗೆ ಇತ್ತು. ಮಂಡಕ್ಕಿ-ಮಿರ್ಚಿ ತಂದಿಟ್ಟುಕೊಂಡು ಎಲ್ಲರೂ ಕೈ ತೊಳೆಯುವ ಹೊತ್ತಿಗೆ ಆ ಫೋನು ಬಡಿದುಕೊಂಡಿತು. ಮೇಡಮ್ಮು.

ಯಾರೋ "ಎತ್ತಲೇ, ಎತ್ತಲೇ" ಎಂದರು. ಅಷ್ಟೇ ಬೇಕಿತ್ತು ನನಗೆ. ಎರಡು ಸಲ ಗಂಟಲು ಕೆರೆದೆ.

"ಬರ್ಕೊಳ್ರಿ ಮೇಡಮ್ಮಾರ."

"ಚಾಚಾ, ಆ ಗುಡ್ಡದ ಬುಡಕಿನ್ವು ಆರು ಉಳದಾವ ನೋಡ್ರಿ. ಹೋಗಿ ಬಂದ್ರೇನು?"

ಹತ್ತು ಮಂದಿ ಬಾಯಿಗೆ ಅಂಗೈ ಒತ್ತಿಕೊಂಡು ನಡುಗುತ್ತಿದ್ದರು. ನಕ್ಕು ಫೋನಿಡಬಹುದಿತ್ತು. "ನಾನ್ರೀ ಮೇಡಮ್" ಎನ್ನಬಹುದಿತ್ತು. ಆದರೆ ನಗಿಸುವವನಿಗೆ ನಗೆ ನಿಲ್ಲಿಸುವುದು ಬರುವುದಿಲ್ಲ.

"ಹೋಗಿದ್ನಿರಿ."

"ಏನೈತ್ರಿ ಅಲ್ಲೆ?"

ಪರದೆ ನೋಡಿದೆ. "ಐತಿ" ಎಂದರೆ ಆರು ಮನೆಯ ಮೂಲೆ ಮೂಲೆ ಹಿಡಿದು ಹೊಸ ಗೆರೆ ಎಳೆಯಬೇಕು, ಸೂರು ಎಂಥದ್ದೆಂದು ತುಂಬಬೇಕು. "ಇಲ್ಲ" ಎಂದರೆ ಒಂದೇ ಒತ್ತು. ಮಿರ್ಚಿ ಆರುತ್ತಿತ್ತು.

"ಏನೂ ಇಲ್ರಿ. ಬರೇ ಮಣ್ಣ."

"ಆರೂ ಇಲ್ಲ?"

"ಆರೂ ಇಲ್ರಿ."

"ಛಲೋ ಆತು ಬಿಡ್ರಿ, ಇವತ್ತ ಕಳಿಸಿಬಿಡ್ತೀನಿ. ಕಣ್ಣ ಜ್ವಾಕಿ ಚಾಚಾ."

ಆಮೇಲಿನ ನಗೆ ಆ ಕಿಟಕಿಯಿಂದ ಓಣಿಗೆಲ್ಲ ಕೇಳಿಸಿತ್ತು.

ಚಾಚಾ ಬಂದದ್ದು ಕಣ್ಣಿಗೆ ಹನಿ ಹಾಕಿಸಿಕೊಂಡು, ಗೋಡೆ ತಡವುತ್ತ. ನಾನೇ ಹೇಳಿದೆ, ಅದೂ ಜಂಬದಿಂದ: "ಚಾಚಾ, ಇವತ್ತ ನಿಮ್ಮ ಡ್ಯೂಟಿ ನಾ ಮಾಡೇನಿ. ಕುರ್ಚಿ ಮ್ಯಾಲ ಕುಂತs." ಮೊದಲು ನಕ್ಕರು. ಯಾವ ನಂಬರಿನವು ಎಂದು ಕೇಳಿದರು. ಹೇಳಿದೆ. ನಗು ನಿಂತಿತು. ಮುಖವನ್ನು ಪರದೆಗೆ ತಾಗುವಷ್ಟು ಹತ್ತಿರ ಒಯ್ದು, ಹನಿ ಸುರಿಯುವ ಕಣ್ಣನ್ನು ಕೆಂಪು ಬಟ್ಟೆಯಿಂದ ಒರೆಸಿ ಒರೆಸಿ ನೋಡಿದರು.

"ಸವಳ ಮಣ್ಣ ಇದು. ಹೊಸಾದು. ಮಳಿಗಿಂತ ಮುಂಚೆ ಮಾಳಿಗಿ ಸೋರಬಾರ್ದಂತ ಹಾಕ್ಯಾರ. ಹಾಕವ್ರು ಇದ್ರ ತಾನ ಬೇಟಾ, ಮಣ್ಣ ಬೀಳೂದು?"

ಚಿತ್ರ ದೊಡ್ಡದು ಮಾಡಿದೆ. ಒಂದು ಚುಕ್ಕಿ. ಅದರ ಬಲಕ್ಕೆ ಇನ್ನೊಂದು. ನೋಡುತ್ತ ಹೋದಂತೆ ಆರೂ ಕಂಡವು... ಅಷ್ಟರಲ್ಲಿ ಪಟ್ಟಿ ಗಂಗಾವತಿಯಿಂದಲೂ ಮುಂದೆ ಹೋಗಿತ್ತು.

"ಫೋನ್ ಹಚ್ಚು ಮೇಡಮ್ಮಗ."

"ಚಾಚಾ, ನನ್ನ ತಗದ ಹಾಕ್ತಾರ್ರಿ. ನಿಮ್ಮ ಕಾಲ ಬೀಳ್ತೇನಿ."

ಆ ಪುಟ್ಟ ಫೋನನ್ನು ಅಂಗೈಯಲ್ಲಿ ತೂಗಿ ನೋಡಿದರು. ಕೊನೆಗೆ ಜೇಬಿಗೆ ಹಾಕಿಕೊಂಡರು. ಏಳುವಾಗ ಒಂದೇ ಮಾತು: "ಇಷ್ಟ ದಿನಾ ನನ್ನ ದನಿ ತಗೊಂಡು ಆಡಿದಿ, ಕೊಟ್ಟಿದ್ನಿ. ಇವತ್ತ ಕೇಳದ ಒಯ್ದಿ."

ಮರುದಿನ ಮೊಪೆಡ್ಡಿನ ಮೇಲೆ ಒಬ್ಬರೇ ಹೋಗಿ ಬಂದರು. ಈ ಹಾಳೆ ಕೊಟ್ಟರು. ಆರು ಚೌಕ, ಆರು ಚುಕ್ಕಿ, ಒಂದರಿಂದ ಇನ್ನೊಂದಕ್ಕೆ ಎಷ್ಟು ಹೆಜ್ಜೆ ಎಂಬ ಲೆಕ್ಕ. "ಇದನ್ನ ಅರ್ಜಿ ಮಾಡಿ ಕಳಸು. ಮುದಕ ಕಣ್ಣ ಕಾಣದ ತಪ್ಪ ಹೇಳ್ಯಾನ ಅಂತ ಬರಿ. ನಿನ್ನ ಹೆಸರ ಬ್ಯಾಡ."

ಅರ್ಜಿ ಬರೆಯಲು ಕೂತೆ. ಬರೆದರೆ ಮೇಡಮ್ಮು ಚಾಚಾಗೆ ಫೋನು ಮಾಡುತ್ತಾರೆ. ಮಾಡಿದರೆ ಚಾಚಾನ ಬಾಯಿಂದ ಸುಳ್ಳು ಹೊರಡುವುದಿಲ್ಲ. ಹಾಳೆಯನ್ನು ಮಡಚಿದೆ, ಇನ್ನೊಮ್ಮೆ ಮಡಚಿದೆ, ಡ್ರಾಯರಿಗೆ ಹಾಕಿದೆ. ಮುಂದಿನ ಸುತ್ತಿನಲ್ಲಿ ಸರಿಪಡಿಸಿದರಾಯಿತು, ಆರು ಗೆರೆ ಇಲ್ಲದಿದ್ದರೆ ಯಾರ ಮನೆ ಮುಳುಗುತ್ತದೆ ಎಂದುಕೊಂಡೆ.

"ಕಳಿಸಿದಿ?" ಎಂದು ಕೇಳಿದರು.

"ಕಳಿಸೇನಿ ಚಾಚಾ."

ಅದು ನಾನು ಮಾಡಿದ ಎರಡನೆಯ ಅಣಕು. ಈ ಸಲ ಒಬ್ಬ ಪ್ರಾಮಾಣಿಕನದ್ದು.

ನಾಲ್ಕೈದು ತಿಂಗಳು ಕಳೆದಿರಬೇಕು. ಒಂದು ಬೆಳಗ್ಗೆ ಚಾಚಾ ಬಂದು "ನಡಿ" ಎಂದರು. ಮೊಪೆಡ್ಡಿನ ಹಿಂದೆ ಕೂತೆ. ದಾರಿಯಲ್ಲಿ ನಾನು ಮೊಪೆಡ್ಡಿನ ಸದ್ದನ್ನೇ ಅಣಕಿಸಿದೆ, ಅವರು ನಗಲಿಲ್ಲ. ಗುಡ್ಡದ ಬುಡದಲ್ಲಿ ಆರು ಮನೆಗಳಿದ್ದವು. ಬೇಲಿಯ ಮೇಲೆ ಬಟ್ಟೆ ಒಣಗಿಸಿದ್ದರು, ಕೋಳಿ ಇದ್ದವು, ಕಟ್ಟೆಯ ಮೇಲೆ ಶೇಂಗಾ ಹರವಿದ್ದರು. ಒಂದೂ ಹಕ್ಕಿಯ ದನಿ ಇರಲಿಲ್ಲ. ಮನೆಗಳ ಹಿಂದಿನ ಬಂಡೆಯ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದರು. ನಂಬರಿನ ಕೆಳಗೆ ಸಾಲಾಗಿ ತೂತುಗಳು, ಒಂದೇ ಅಳತೆಯವು, ಒಂದೇ ಅಂತರದವು. ಒಂದರೊಳಗೆ ಬೆರಳಿಟ್ಟೆ. ತಳ ಸಿಗಲಿಲ್ಲ.

ಕಡೆಯ ಮನೆಯ ಅಜ್ಜಿ ಹೊರಗೆ ಬಂದಳು. ಗಟ್ಟಿ ಹೆಂಗಸು. ಚಾಚಾನ ಗುರುತು ಹಿಡಿದಳು.

"ಕಲ್ಲ ಸಿಡಸಾಕತ್ತಾರಪಾ. ಗ್ವಾಡಿ ಮಾಡಾಗಿನ ಗಡಿಗಿ ತಾವs ಉರುಳತಾವ. ಇಲ್ಲಿ ಮಂದಿ ಅದೀವ್ರೆಪಾ ಅಂದ್ರ, ನಕ್ಷಾದಾಗ ಇಲ್ಲಿ ಒಂದೂ ಮನಿ ಇಲ್ಲ, ಅದಕ್ಕ ಪರವಾನಗಿ ಸಿಕ್ಕೈತಿ ಅಂತ ಕಾಗದ ತೋರಿಸ್ತಾರ. ನಾವು ಕಣ್ಣಾಗ ಕಣ್ಣಿಟ್ಟು ನಿಂತೀವಿ, ನೀವ ಇಲ್ಲ ಅಂತಾರ! ಯಾವ ಹಾಟ್ಯಾ ಹೇಳ್ಯಾನೋ ಇಲ್ಲ ಅಂತ?"

ನಾನು ಬಾಯಿ ತೆರೆಯುವ ಮೊದಲೇ ಚಾಚಾ ಹೇಳಿದರು: "ನಾನs ಹೇಳೇನವ್ವಾ."

ಅವಳು ಅವರನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಹೋದ ಸಲ ಬಂದು ನನ್ನ ಮನ್ಯಾಗ ಅಂಬಲಿ ಕುಡದು ಹೋದಿ."

"ಕುಡದೇನಿ."

"ಕುಡದೂ ಇಲ್ಲ ಅಂದಿ?"

ನಾನು ನನ್ನ ಚಪ್ಪಲಿ ನೋಡಿಕೊಂಡೆ. ಚಾಚಾ ಅವಳ ಗೋಡೆಯ ಬಿರುಕಿನೊಳಗೆ ಬೆರಳಿಟ್ಟು ಅಳೆದರು. ಮೊದಲು ಒಂದು ಬೆರಳು, ಆಮೇಲೆ ಎರಡು. ಎರಡೂ ಸಲೀಸಾಗಿ ಹೋದವು. ತಿರುಗಿ ಬರುವಾಗ ಮೊಪೆಡ್ಡು ನಿಧಾನ ಮಾಡಿ, ಹಿಂದೆ ನೋಡದೆ ಕೇಳಿದರು: "ಅರ್ಜಿಗೆ ಜವಾಬ ಬಂತೇನು?"

"ಇನ್ನ ಬಂದಿಲ್ಲ ಚಾಚಾ."

ಅವರು ಮತ್ತೆ ಕೇಳಲಿಲ್ಲ. ಅವತ್ತೇ ಅವರಿಗೆ ತಿಳಿದಿತ್ತೆಂದು ನನಗೀಗ ಅನಿಸುತ್ತದೆ...

ಸಮಾಧಾನಕ್ಕೆಂದು ಅವರಿಗೆ ವಿಮಾನದ ಸುದ್ದಿ ಹೇಳಿದವನು ನಾನೇ. ಬೇಸಿಗೆಯಲ್ಲಿ ಹೊಸ ಸುತ್ತಿನ ಚಿತ್ರಗಳನ್ನು ವಿಮಾನದಿಂದ ತೆಗೆಯುವವರಿದ್ದರು. ಮುಂದಿನ ವಾರ ಕುಷ್ಟಗಿಯ ಸರದಿ ಎಂದು ನಮಗೆ ತಿಳಿಸಿದ್ದರು. "ಈ ಸಲ ಎಲ್ಲಾ ನಿಚ್ಚಳ ಕಾಣತೈತ್ರಿ ಚಾಚಾ, ಆರೂ ಮನಿ ನಕ್ಷಾಕ್ಕ ಬರತಾವ," ಎಂದೆ. ಅವರು ಅಷ್ಟಕ್ಕೆ ನಂಬಲಿಲ್ಲ. ಎರಡು ಚೀಲ ಸುಣ್ಣ ಕೊಂಡರು.

"ಆರೂ ಮಾಳಿಗಿ ಮ್ಯಾಲ, ಬೆಳಕಿಂಡಿ ಸುತ್ತ ದುಂಡಗ, ಸುಣ್ಣದ ಬಳಿ ಬರೀತೇನಿ. ಆಕಾಶಕ್ಕ ಕಾಣುವಂಗ. ಫೋನಿನ್ಯಾಗ ಯಾರ ದನಿ ಬೇಕಾದ್ರೂ ತಗೀಬಹುದು. ಸುಣ್ಣದ ದನಿ ಯಾರೂ ತಗ್ಯಾಕ ಬರೂದಿಲ್ಲ." ಸಿಟ್ಟಿನಿಂದ ಹೇಳಿದ್ದಲ್ಲ. ಆಮೇಲೆ ಕೇಳಿದರು: "ಬರ್ತೀಯೇನು? ಕೆಳಗಿಂದ ಬಕೆಟ್ ಕೊಡಾಕ ಒಬ್ಬರ ಬೇಕು."

"ಮುನಿರಾಬಾದಿಂದು ಮುಗದಿಲ್ಲ ಚಾಚಾ," ಎಂದೆ. ಮುಗಿದು ಎರಡು ದಿನವಾಗಿತ್ತು. ಆ ಅಜ್ಜಿಯ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ಅವರು ಹೋದ ದಿನ ಬೆಳಗ್ಗೆ ನಾನು ಆಫೀಸಿನಲ್ಲಿ ಯಾರನ್ನೋ ಅಣಕಿಸುತ್ತಿದ್ದೆ. ಹನ್ನೆರಡರ ಹೊತ್ತಿಗೆ ಫೋನು ಬಂತು. ಐದು ಮಾಳಿಗೆ ಮುಗಿಸಿ ಆರನೆಯದಕ್ಕೆ ಹತ್ತಿದ್ದರಂತೆ. ಅಜ್ಜಿ ನೀರಿಗೆ ಹೋಗಿದ್ದಳಂತೆ. ಗುಡ್ಡದಲ್ಲಿ ಸಿಡಿಸಿದರಂತೆ. ಬಿರುಕು ಬಿಟ್ಟ ಗೋಡೆ ಒಳಕ್ಕೆ ಕೂತು, ತೊಲೆ ಜಾರಿ, ಮಾಳಿಗೆಯ ಮಣ್ಣೆಲ್ಲ...

ಹೊರಗೆ ತೆಗೆದಾಗ ಮುಖವೆಲ್ಲ ಬೆಳ್ಳಗಿತ್ತು ಎಂದರು. ಸುಣ್ಣವೋ, ಸವಳು ಮಣ್ಣೋ.

ಚಾಚಾನ ಮಣ್ಣಿಗೆ ಹೋದವರ ಹಿಂದೆ ನಾನೂ ನಡೆದೆ. ನನ್ನ ಮುಂದಿದ್ದ ಇಬ್ಬರು ಮಾತಾಡಿಕೊಳ್ಳುತ್ತಿದ್ದರು. "ತಾನs ಇಲ್ಲ ಅಂತ ಬರಸಿದ ಮನಿ ಮ್ಯಾಲ ತಾನs ಯಾಕ ಹತ್ತಿದ್ದ ಮಾರಾಯಾ?" "ಪಾಪ ಮಾಡಿದ್ದು ಕಾಡಿರಬೇಕು ಬಿಡು." ಮೇಡಮ್ಮು ಫೋನಿನಲ್ಲಿ ಅತ್ತರು. "ನಾ ನಂಬಿದ್ನಲ್ಲೋ ಅವರನ್ನ. ಹೋಗಿದ್ನಿರಿ, ಏನೂ ಇಲ್ರಿ ಅಂದ್ರು. ಕಿವ್ಯಾಗ ಇನ್ನೂ ಹಂಗ ಐತಿ." ವಿಚಾರಣೆಯ ಕಾಗದದಲ್ಲೂ ಅದೇ ಹೋಯಿತು: ಸ್ಥಳಕ್ಕೆ ಹೋದವನ ಹೇಳಿಕೆಯ ಪ್ರಕಾರ ಕಟ್ಟಡಗಳಿಲ್ಲ. ಬಾಯಿಯಿಂದಲೇ ಬದುಕಿದ ನಾನು ಆ ಇಡೀ ದಿನ ತುಟಿ ಬಿಚ್ಚಲಿಲ್ಲ. ಅದರ ಮುಂದಿನ ದಿನವೂ. ಅವತ್ತು ಬಾಯಿಗೆ ಅಂಗೈ ಒತ್ತಿಕೊಂಡು ನಕ್ಕ ಹತ್ತು ಮಂದಿಯೂ ಬಿಚ್ಚಲಿಲ್ಲ.

ಸುಣ್ಣ ಹೊಡೆಸಿದ ಹೋದ ವಾರವೇ ಆ ವಿಮಾನದ ಚಿತ್ರಗಳು ನಮಗೆ ಬಂದದ್ದು. ಗೋಡೆ ಇನ್ನೂ ಹಸಿಯಿತ್ತು. ಕುಷ್ಟಗಿಯ ಕಡತ ತೆರೆದು ಗುಡ್ಡದ ಬುಡಕ್ಕೆ ಇಳಿದೆ. ಐದು ಮಾಳಿಗೆಗಳ ಮೇಲೆ ಐದು ಬಿಳಿ ಬಳೆಗಳು, ಪ್ರತಿ ಬಳೆಯ ನಡುವೆ ಬೆಳಕಿಂಡಿ. ಆರನೆಯದರ ಮೇಲೆ ಅರ್ಧ ಬಳೆ. ಅದು ನಿಂತಲ್ಲಿ ಒಂದು ಕೆಂಪು ಚುಕ್ಕಿ, ಚುಕ್ಕಿಯಿಂದ ಪಡುವಣಕ್ಕೆ ಚಾಚಿದ ಒಂದು ನೆರಳು. ನೆರಳಿನ ಒಂದು ಕೈ ಮೇಲೆತ್ತಿತ್ತು. ವಿಮಾನದ ಸದ್ದು ಕೇಳಿ ನೋಡಿದ್ದರೋ, ಬೆವರು ಒರೆಸಿಕೊಳ್ಳುತ್ತಿದ್ದರೋ...

ಚಾಚಾ ಹೋದ ಮೇಲೆ ನಿಂತಿದ್ದ ಕಲ್ಲಿನ ಕೆಲಸ ಮತ್ತೆ ಶುರುವಾಗಲಿದೆಯಂತೆ. ಈ ಸಲದ ನಕ್ಷೆ ನೋಡಿಕೊಂಡು.

ಸ್ಥಳಕ್ಕೆ ನಾನು ಹೋಗುತ್ತೇನೆಂದು ಕೇಳಿ ಪಡೆದೆ. ನಿನ್ನೆ ಹೋದೆ, ಜೇಬಿನಲ್ಲಿ ಆ ಹಾಳೆ. ಅದರಲ್ಲಿ ಬರೆದಷ್ಟೇ ಹೆಜ್ಜೆ ಎಣಿಸಿ ನಡೆದೆ. ಐದು ಮನೆ ಇದ್ದವು. ಆರನೆಯದರ ಜಾಗದಲ್ಲಿ ಮಣ್ಣಿನ ಗುಪ್ಪೆ, ಅದರ ಮೇಲೆ ಹುಲ್ಲು. ಅಜ್ಜಿ ಈಗ ಐದನೆಯ ಮನೆಯಲ್ಲಿದ್ದಾಳೆ. "ಈ ಸಲರ ಅದೀವಿ ಅಂತ ಬರಕೋ," ಎಂದಳು, ನೀರಿನ ತಂಬಿಗೆ ಕೊಡುತ್ತ. ಅಷ್ಟರಲ್ಲಿ ಮೇಡಮ್ಮಿನ ಫೋನು.

"ಮೊದಲನೇದು?"

"ಐತ್ರಿ."

ಐದು ಸಲ ಐತಿ ಎಂದೆ.

"ಆರನೇದು?"

"ಇಲ್ರಿ."

"ಇಲ್ಲಂದ್ರ ಹೆಂಗೋ? ನನ್ನ ಮುಂದ ಚಿತ್ರ ಐತಿ. ಮಾಳಿಗಿ ಕಾಣತೈತಿ, ಮ್ಯಾಲ ಯಾರೋ ನಿಂತಾರ."

"ಚಾಚಾ ರಿ ಅದು."

ಆ ಕಡೆ ಮೌಸಿನ ಟಕಟಕ ಕೇಳಿಸಿತು, ಚಿತ್ರ ದೊಡ್ಡದು ಮಾಡಿರಬೇಕು. ಆಮೇಲೆ, "ಯಾರ ದನ್ಯಾಗ ಮಾತಾಡಾಕತ್ತಿಯೋ? ಇದು ನಿಂದಲ್ಲ. ಈಗೂ ಆಟಾ ಹೂಡಿಯೇನು?"

"ಇಲ್ರಿ ಮೇಡಮ್. ಇದs ನಂದು. ಹೋದ ಸಲದ್ದು ನಂದಲ್ಲ."

ಹೇಳಿದೆ. ಮಿರ್ಚಿಯಿಂದ ಹಿಡಿದು ಡ್ರಾಯರಿನ ತನಕ, ಮುನಿರಾಬಾದಿನ ಸುಳ್ಳಿನ ತನಕ. ಅಜ್ಜಿ ತಂಬಿಗೆ ಹಿಡಿದುಕೊಂಡು ಅಲ್ಲೇ ನಿಂತಿದ್ದಳು, ಅವಳೂ ಕೇಳಿಸಿಕೊಂಡಳು. ನಾನು ದೂರ ಸರಿಯಲಿಲ್ಲ. ಮೇಡಮ್ಮು ಬೈಯಲಿಲ್ಲ. "ಇನ್ನೊಮ್ಮೆ ಹೇಳು, ಹೇಳಿಕಿ ಬರ್ಕೋತೀನಿ," ಎಂದರು. ಗುಡ್ಡದ ಆಚೆ ಯಂತ್ರವೊಂದು ಕೆಮ್ಮಿ ಕೆಮ್ಮಿ ಶುರುವಾಯಿತು. ಕಾಲಡಿಯ ನೆಲ ಸಣ್ಣಗೆ ನಡುಗಿತು, ತಂಬಿಗೆಯ ನೀರಿನಲ್ಲಿ ಬಳೆಗಳೆದ್ದವು.

ಮೇಡಮ್ಮಿಗೆ ಎಲ್ಲವನ್ನೂ ಮೊದಲಿನಿಂದ ಬರೆಸಬೇಕಿತ್ತು. ಅಭ್ಯಾಸದಂತೆ ಎರಡು ಸಲ ಗಂಟಲು ಕೆರೆದು, "ಬರ್ಕೊಳ್ರಿ ಮೇಡಮ್ಮಾರ" ಎಂದೆ. ಚಾಚಾನ ಹಾಗೆ ಬರಲಿಲ್ಲ. ಇನ್ನೂ ಸ್ವಲ್ಪ ಕೆಳಗಿನಿಂದ ತೆಗೆದು ನೋಡಿದೆ... ಬರಲಿಲ್ಲ.